ಏನು ಮಾರೋಣ್ರಿ?

ವಾಸ್ಕೋದ ಮಾಂಗೋರ್ ಗುಡ್ಡದ ಮೇಲೆ
ನನ್ನ ಹೊಲಿಗೆ ಅಂಗಡಿ. ರಾತ್ರಿ ಎಂಟೂವರೆ.
ಕತ್ತರಿ ಬದಿಗಿಟ್ಟು ಲೆಕ್ಕದ ಪುಸ್ತಕ ಬಿಚ್ಚಿ
ಹನ್ನೊಂದು ಮಂದಿ ಕುಳಿತೆವು
(ಹನ್ನೊಂದೇ. ಯಾರೂ ಎಣಿಸಿ ಕರೆದದ್ದಲ್ಲ).

ಹದಿಮೂರರೊಳಗಿನ ಮಕ್ಕಳ ಲೀಗು, ಆರು ತಂಡ.
ಗೋಲು ಕಂಬಗಳಿಗೆ ಬಲೆಯಿಲ್ಲ.
ಚೆಂಡು ಪ್ರತಿಸಲ ಇಳಿಜಾರು ಹಿಡಿದು
ಮೀನು ಮಾರುಕಟ್ಟೆಗೆ ಹೊರಡುತ್ತದೆ;
ಹಿಂದೆ ಓಡಿದವನು ಏದುಸಿರಲ್ಲಿ ಮರಳುವತನಕ
ಗೋಲು ಹೌದೋ ಅಲ್ಲವೋ ಎಂದು ಜಗಳ.
ಬಲೆಗೆ, ಚೆಂಡಿಗೆ, ಮಡಗಾವಿನ ಬಸ್ಸಿಗೆ
ಹದಿನೆಂಟು ಸಾವಿರ ಬೇಕು.
ಪೆಟ್ಟಿಗೆಯಲ್ಲಿ ಸಾವಿರದ ನಲವತ್ತು,
ಅದರಲ್ಲಿ ಹತ್ತರ ಒಂದು ನೋಟು ಹರಿದದ್ದು.

ಪಣಜಿಯ ಏಜೆಂಟು, ಇಸ್ತ್ರಿ ಮುರಿಯದ ಅಂಗಿ,
ಮಿರಿಮಿರಿ ಕ್ಯಾಟಲಾಗು ಹರಡಿದ:
ಘಮಘಮದ ಮೇಣದಬತ್ತಿ,
ಚಿನ್ನದ ಕಾಗದ ಉಟ್ಟ ಚಾಕಲೇಟು,
ಹೆಸರು ಬರೆಸಿಕೊಳ್ಳುವ ನೀರಿನ ಬಾಟಲಿ.
‘ನೂರಕ್ಕೆ ನಲವತ್ತು ನಿಮಗೆ’ ಅಂದ.
‘ಮಾರದ ಉಳದದ್ದು ಯಾರಿಗ್ರಿ?’ ಅಂದಳು ನೀಲವ್ವ.
ಅವನು ಪುಟ ತಿರುವಿದ.

ಚಿಕ್ಕಿ, ಅಂದರು ಯಾರೋ. ಎಲ್ಲರೂ ನಕ್ಕರು.
ಹೋದ ವರ್ಷ ನಮ್ಮ ಎಡಬದಿಯ ಬ್ಯಾಕು ಯಮನೂರಿ
ಇಪ್ಪತ್ತು ಪೊಟ್ಟಣ ಹೊತ್ತು ಹೋಗಿ
ಏಳು ಮಾರಿ, ಹದಿಮೂರು ತಿಂದು,
ಮೂರು ದಿನ ಆಟಕ್ಕೇ ಬರಲಿಲ್ಲ;
ನಾಚಿಕೆಗೋ ಹೊಟ್ಟೆಗೋ ತಿಳಿಯದು.
ಅದರ ಹಿಂದಿನ ವರ್ಷ ಊದುಬತ್ತಿ.
ನಾವೇ ಮಾರಿದೆವು, ನಾವೇ ಕೊಂಡೆವು,
ನಮ್ಮ ದೇವರುಗಳಿಗೆಲ್ಲ ಕೆಮ್ಮು ಬಂತು.

ಕೋಚು ಕಾಯತಾನ ಬೆರಳಿಗೆ ಸೀಟಿಯ ದಾರ ಸುತ್ತುತ್ತ
‘ಏನಾದ್ರೂ ಆಗಲಿ, ಬಾಗಿಲು ತೆರೀಬೇಕಲ್ಲ’ ಅಂದ.
ಹೌದು. ಗುಡ್ಡದ ಕೆಳಗಿನ ಫ್ಲಾಟುಗಳ ಬಾಗಿಲಿಗೆ
ಒಂದೇ ಕಣ್ಣು.
ಮೊದಲು ಆ ಕಣ್ಣು ಕತ್ತಲಾಗುತ್ತದೆ,
ಆಮೇಲೆ ಟೀವಿಯ ಸದ್ದು ಸಣ್ಣಗಾಗುತ್ತದೆ,
ಆಮೇಲೆ ಏನೂ ಆಗುವುದಿಲ್ಲ.

ದ್ಯಾಮವ್ವ ಆತನಕ ಹೊಸ್ತಿಲ ಮೇಲೆ ಕುಳಿತಿದ್ದಳು.
ನಮ್ಮ ಗೋಲ್‌ಕೀಪರ್ ಭಾಗಿಯ ತಾಯಿ,
ದಿನಾ ಒಂಬತ್ತು ಮನೆ ಒರೆಸುವವಳು.
‘ಫಿನಾಯಿಲ್ ಮಾರ್ರಿ’ ಅಂದಳು.

‘ಮೂರನೇ ಮಾಳಿಗಿ ಬಾಯಿದು ಶುಕ್ರವಾರಕ್ಕ ಮುಗಿತೈತಿ.
ಹಡಗದ ಸಾಹೇಬರ ಮನ್ಯಾಗ ನಾಯಿ ಐತಿ, ವಾರಕ್ಕ ಎರಡು ಬೇಕು.
ಮಾಸ್ತರು ನೀರ ಬೆರಸಿ ಬೆರಸಿ
ಬಾಟ್ಲಿನ ಹಾಲಿನಂಗ ಮಾಡ್ಯಾರ, ಅವರಿಗೆ ಸಣ್ಣದು ಒಯ್ರಿ.
ಕೆಡಂಗಿಲ್ಲ. ಯಮನೂರಿ ತಿನ್ನಂಗಿಲ್ಲ.’

ಒಂದೊಂದೇ ಬೆರಳು ಮಡಚುತ್ತ ಹೋದಳು.
ಒಂಬತ್ತು ಮನೆಯ ನೆಲ ಅವಳಿಗೆ ಬಾಯಿಪಾಠ.
ನೀಲವ್ವ ತನ್ನ ಆರು ಮನೆ ಸೇರಿಸಿದಳು,
ಹುಸೇನಬಿ ಏಳು.
ನಾನು ಬರೆದುಕೊಂಡೆ, ಪೆನ್ಸಿಲ್ಲು ಸವೆಯಿತು.
ಏಜೆಂಟು ಕ್ಯಾಟಲಾಗು ಮಡಚಿದ,
ಅದರಲ್ಲಿ ಇದು ಇರಲಿಲ್ಲ.

ದೊಡ್ಡವರು ನೀಲಿ ಡ್ರಮ್ಮಿನಲ್ಲಿ ಕಲಕಿದೆವು.
ಮಕ್ಕಳು ಚೀಟಿ ಅಂಟಿಸಿದರು: ‘ಗೋಲ್ ಬ್ರಾಂಡ್’,
ಅರ್ಧಕ್ಕರ್ಧ ತಲೆಕೆಳಗು.

ಭಾನುವಾರ ಜೋಡಿ ಜೋಡಿಯಾಗಿ ಹೊರಟಾಗ
ದ್ಯಾಮವ್ವ ಬರಲಿಲ್ಲ.
‘ಆ ಬೆಲ್ಲಿಗೆ ನನ್ನ ಬಟ್ಟು ರೂಢಿಲ್ಲ’ ಅಂದಳು;
ಅವಳದು ಹಿಂದಿನ ಮೆಟ್ಟಿಲು.
ಭಾಗಿ, ಕಾಯತಾನನ ಜೊತೆ, ಮುಂದಿನ ಲಿಫ್ಟಿನಲ್ಲಿ ಹತ್ತಿದಳು.
‘ಬೇಡ’ ಅನ್ನಲು ತೆರೆದ ಬಾಯಿ
ಬಾಟಲಿ ಕಂಡು ‘ಇರು, ಚಿಲ್ಲರೆ ತರ್ತೀನಿ’ ಅಂದಿತಂತೆ.
ಆ ಮೂರನೇ ಮಾಳಿಗೆಯ ಬಾಯಿ
ಕುರ್ಚಿ ತೋರಿಸಿ, ಕೂಡು ಅಂದರಂತೆ.

‘ಯಾವ ಕುರ್ಚಿ?’ ಕೇಳಿದಳು ದ್ಯಾಮವ್ವ.
‘ಕಿಟಕಿ ಕಡೀದು. ಕೆಂಪು ದಿಂಬಿಂದು.’
‘ಹೂಂ’ ಅಂದಳು. ಅಷ್ಟೇ.
ಮರುದಿನ ಅದೇ ಕುರ್ಚಿ ಸರಿಸಿ,
ಮಗಳು ಮಾರಿದ ಬಾಟಲಿಯಿಂದ ಆ ನೆಲ ಒರೆಸಿದಳು.

ಈಗ ಬಲೆ ಬಂದಿದೆ. ಚೆಂಡು ಹೊಕ್ಕರೆ
ಒದ್ದಾಡಿ ಅಲ್ಲೇ ನಿಲ್ಲುತ್ತದೆ.
ಬಸ್ಸಿಗಿನ್ನೂ ನಾಲ್ಕು ಸಾವಿರ ಕಡಿಮೆ.
ಮೊನ್ನೆ ರವಿಕೆ ಅಳತೆ ಕೊಡುವಾಗ
ದ್ಯಾಮವ್ವ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಅಂದಳು:
‘ಒಂದು ಮುಚ್ಚಳ ಹಾಕೂದು, ಎರಡು ಹಾಕಾಕತ್ತೀನಿ.
ಲಗೂನ ಮುಗೀಲಿ ಅಂತ.’

ಎದೆ ಮೂವತ್ತನಾಲ್ಕು, ತೋಳು ಹತ್ತು
ಎಂದಷ್ಟೇ ಬರೆದುಕೊಂಡೆ.